ಫೋಟೊ ನಮ್ಮದು, ಬೀಗದ ಕೈ ಯಾರದ್ದು?

ಹಳೆಯ ಮದುವೆ ಆಲ್ಬಮ್ ಮಾರಿದ ಅಂಗಡಿ ಮುಚ್ಚಿದರೆ ನಮಗೇನೂ ನಷ್ಟವಿರಲಿಲ್ಲ. ಆಲ್ಬಮ್ ಟ್ರಂಕಿನಲ್ಲಿ ಹಾಗೇ ಇರುತ್ತಿತ್ತು, ಬೇಕಾದಾಗ ತೆಗೆದು ನೋಡಬಹುದಿತ್ತು. ಫೋಟೊಗಳು ಕಂಪ್ಯೂಟರಿಗೆ ಬಂದಮೇಲೆ ಈ ಮಾತು ಹೇಳುವ ಹಾಗಿಲ್ಲ. ಫೋಟೊ ಜೋಡಿಸಿಡುವ ತಂತ್ರಾಂಶಗಳನ್ನು ಕಂಪನಿಗಳು ಯಾವ ಷರತ್ತಿನ ಮೇಲೆ ಕೊಟ್ಟವು, ಆ ಷರತ್ತು ಹೇಗೆ ಬಿಗಿಯಾಗುತ್ತ ಬಂತು ಎಂಬುದೇ ಈ ಬರಹದ ವಿಷಯ.

ಮೊದಲು ತಂತ್ರಾಂಶ ಸಿ.ಡಿ.ಯಲ್ಲಿ ಬರುತ್ತಿತ್ತು. ಡಬ್ಬಿಯ ಮೇಲೆ ಒಂದು ಕೀಲಿ ಸಂಖ್ಯೆ ಇರುತ್ತಿತ್ತು. ಅದನ್ನು ಟೈಪ್ ಮಾಡಿದರೆ ಕೆಲಸ ಮುಗಿಯಿತು. ಒಂದೇ ಸಂಖ್ಯೆಯನ್ನು ಹತ್ತು ಜನ ಬಳಸುತ್ತಿದ್ದರು, ಕಂಪನಿಗೆ ಗೊತ್ತಾಗುತ್ತಿರಲಿಲ್ಲ. ಇದನ್ನು ತಡೆಯಲು ಬಂದದ್ದೇ ಆಕ್ಟಿವೇಷನ್. 2001ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಗೆ ಇದನ್ನು ಕಡ್ಡಾಯ ಮಾಡಿತು. ಕೀಲಿ ಸಂಖ್ಯೆಯ ಜೊತೆಗೆ ನಿಮ್ಮ ಕಂಪ್ಯೂಟರಿನ ಗುರುತೂ ಕಂಪನಿಗೆ ಹೋಗಬೇಕು, ಅಲ್ಲಿಂದ ಒಪ್ಪಿಗೆ ಬರಬೇಕು. ಇಂಟರ್ನೆಟ್ ಇಲ್ಲದವರು ಫೋನ್ ಮಾಡಿ ಉದ್ದನೆಯ ಸಂಖ್ಯೆ ಓದಿ ಹೇಳಬೇಕಿತ್ತು. 2003ರಲ್ಲಿ ಅಡೋಬಿ ಕಂಪನಿಯೂ ವಿಂಡೋಸ್‌ನ ಫೋಟೊಶಾಪ್‌ಗೆ ಇದೇ ದಾರಿ ಹಿಡಿಯಿತು.

ಇದರಿಂದ ಹೆಚ್ಚು ಕಷ್ಟಪಟ್ಟವರು ದುಡ್ಡು ಕೊಟ್ಟು ಕೊಂಡವರೇ. ಹಾರ್ಡ್ ಡಿಸ್ಕ್ ಕೆಟ್ಟರೆ, ಹೊಸ ಕಂಪ್ಯೂಟರ್ ತಂದರೆ, ಮತ್ತೆ ಒಪ್ಪಿಗೆ ಕೇಳಬೇಕು. ಕದ್ದ ಪ್ರತಿ ಬಳಸಿದವರಿಗೆ ಈ ತಾಪತ್ರಯವೇ ಇರಲಿಲ್ಲ.

ಒಪ್ಪಿಗೆ ಕೊಡುವ ಸರ್ವರೇ ನಿಂತುಹೋದರೆ? ಅದೂ ಆಯಿತು. ಅಡೋಬಿಯ ಸಿಎಸ್2 ಸರಣಿ ಬಂದದ್ದು 2005ರಲ್ಲಿ. ಫೋಟೊ ಹುಡುಕಿ ಜೋಡಿಸುವ ಬ್ರಿಡ್ಜ್ ಎಂಬ ತಂತ್ರಾಂಶವೂ ಅದರಲ್ಲಿತ್ತು. 2013ರ ಹೊತ್ತಿಗೆ ಅದರ ಆಕ್ಟಿವೇಷನ್ ಸರ್ವರ್ ನಿಂತಿತು. ಹಳೆಯ ಗ್ರಾಹಕರಿಗೆ ಆಕ್ಟಿವೇಷನ್ ಬೇಡದ ಪ್ರತಿಯನ್ನು ಕಂಪನಿಯೇ ಕೊಟ್ಟಿತು. ಕೊಡದೇ ಇದ್ದಿದ್ದರೆ, ದುಡ್ಡು ಕೊಟ್ಟು ತಂದ ಸಿ.ಡಿ. ಹೊಸ ಕಂಪ್ಯೂಟರಿನಲ್ಲಿ ನಡೆಯುತ್ತಿರಲಿಲ್ಲ.

ಕೀಲಿಯೇ ಬೇಡದ ಪುಕ್ಕಟೆ ತಂತ್ರಾಂಶದ ಕಥೆ ಬೇರೆ. 2004ರಲ್ಲಿ ಗೂಗಲ್ ಪಿಕಾಸಾವನ್ನು ಕೊಂಡು ಎಲ್ಲರಿಗೂ ಉಚಿತವಾಗಿ ಹಂಚಿತು. 2009ರಲ್ಲಿ ಅದಕ್ಕೆ ಮುಖ ಗುರುತಿಸುವ ಶಕ್ತಿ ಬಂತು. ಒಂದೊಂದು ಮುಖಕ್ಕೂ ಜನ ಹೆಸರು ಬರೆದರು. 2016ರಲ್ಲಿ ಗೂಗಲ್ ಅದನ್ನು ನಿಲ್ಲಿಸಿತು. ಕಂಪ್ಯೂಟರಿನಲ್ಲಿದ್ದ ಪಿಕಾಸಾ ನಡೆಯುತ್ತಲೇ ಇತ್ತು, ಫೋಟೊಗಳೂ ಇದ್ದವು. ಆದರೆ ಹೆಸರುಗಳನ್ನು ಪಿಕಾಸಾ ಹೆಚ್ಚಾಗಿ ತನ್ನದೇ ಬೇರೆ ಕಡತಗಳಲ್ಲಿ ಇಟ್ಟುಕೊಂಡಿತ್ತು. ಫೋಟೊದ ಒಳಗೇ ಹೆಸರು ಬರೆಯುವ ಆಯ್ಕೆ ಕೊನೆಯ ಆವೃತ್ತಿಗಳಲ್ಲಿತ್ತು, ಆದರೆ ಅದನ್ನು ನಾವೇ ಹುಡುಕಿ ಆರಿಸಿಕೊಳ್ಳಬೇಕಿತ್ತು.

ದುಬಾರಿ ತಂತ್ರಾಂಶ ಕೊಂಡವರೂ ತಪ್ಪಿಸಿಕೊಳ್ಳಲಿಲ್ಲ. ಆ್ಯಪಲ್‌ನ ಅಪರ್ಚರ್ 2005ರಲ್ಲಿ ಬಂದಾಗ ಅದರ ಬೆಲೆ 499 ಡಾಲರ್. 2014ರಲ್ಲಿ ಅದನ್ನು ಕೈಬಿಡುವುದಾಗಿ ಆ್ಯಪಲ್ ಹೇಳಿತು. 2019ರಲ್ಲಿ ಬಂದ ಮ್ಯಾಕ್ ವ್ಯವಸ್ಥೆಯಲ್ಲಿ ಅದು ನಡೆಯಲೇ ಇಲ್ಲ.

ಅಡೋಬಿಯ ಲೈಟ್‌ರೂಮ್ 2007ರಲ್ಲಿ ಬಂತು. ಒಮ್ಮೆ ಕೊಂಡರೆ ನಿಮ್ಮದು ಎನ್ನುವ ಲೆಕ್ಕದಲ್ಲಿ ಮಾರಿದ ಕೊನೆಯ ಆವೃತ್ತಿ 2015ರ ಲೈಟ್‌ರೂಮ್ 6. 2017ರಲ್ಲಿ ಆ ದಾರಿ ಮುಚ್ಚುವುದಾಗಿ ಕಂಪನಿ ಹೇಳಿತು, ಕೊನೆಗೆ ಉಳಿದದ್ದು ಬಾಡಿಗೆ ಮಾತ್ರ. ಬಾಡಿಗೆ ನಿಂತರೂ ಫೋಟೊ ನೋಡಬಹುದು, ಹೊರಗೆ ತೆಗೆದುಕೊಳ್ಳಬಹುದು. ಆದರೆ ತಿದ್ದುವ ಮುಖ್ಯ ಭಾಗಕ್ಕೆ ಬೀಗ ಬೀಳುತ್ತದೆ. ಅದೇ ಕಂಪನಿಯ ಫೋಟೊಶಾಪ್ ಎಲಿಮೆಂಟ್ಸ್ 2025ಕ್ಕೆ ಈಗ ಪರವಾನಗಿ ಮೂರೇ ವರ್ಷ.

ಕಂಪನಿಗಳ ವಾದದಲ್ಲೂ ಸ್ವಲ್ಪ ನ್ಯಾಯವಿದೆ. ತಂತ್ರಾಂಶ ಬರೆಯುವವರಿಗೆ ಸಂಬಳ ಬೇಕು, ಹೊಸ ಕ್ಯಾಮೆರಾ ಬಂದಂತೆಲ್ಲ ಅದನ್ನು ತಿದ್ದಬೇಕು. ಆದರೆ ಬೀಗ ಬೀಳುವುದು ಕಂಪನಿಯ ಕೆಲಸಕ್ಕಷ್ಟೇ ಅಲ್ಲ, ನಮ್ಮ ಕೆಲಸಕ್ಕೂ. ಯಾರು, ಯಾವ ಊರು, ಯಾವ ವರ್ಷ ಎಂದು ಕೂತು ಬರೆದವರು ನಾವು.

ವರದಿಗೆಂದು ಊರೂರು ತಿರುಗುವಾಗ ಇದು ನಮಗೆ ಚೆನ್ನಾಗಿ ಕಾಣುತ್ತದೆ. ಸ್ಟುಡಿಯೊಗಳ ಹಾರ್ಡ್ ಡಿಸ್ಕಿನಲ್ಲಿ ಜಾತ್ರೆ, ಮದುವೆ, ನಾಟಕಗಳ ಸಾವಿರಾರು ಚಿತ್ರಗಳಿರುತ್ತವೆ. ಅದರಲ್ಲಿ ನಿಂತವರು ಯಾರೆಂದು ಕೇಳಿದರೆ ಹೇಳುವವರು ಇರುವುದಿಲ್ಲ. ಹೆಸರು ಗೊತ್ತಿದ್ದ ಅಜ್ಜಿ ತೀರಿಕೊಂಡಮೇಲೆ, ಆ ಹೆಸರು ಯಾವುದೋ ತಂತ್ರಾಂಶದೊಳಗೆ ಸಿಕ್ಕಿಕೊಂಡಿದ್ದರೆ ಊರಿನ ಚರಿತ್ರೆಯ ಒಂದು ಎಳೆ ಹೋದಂತೆ.

ಹಾಗಾಗಿ ಕೆಲವು ಸರಳ ಕೆಲಸ ಮಾಡಬಹುದು. ಫೋಟೊಗಳನ್ನು ವರ್ಷ ಮತ್ತು ಸಂದರ್ಭದ ಹೆಸರಿನ ಸಾದಾ ಫೋಲ್ಡರ್‌ಗಳಲ್ಲಿಡಿ. ಅದನ್ನು ತೆರೆಯಲು ಯಾರ ಪರವಾನಗಿಯೂ ಬೇಡ. ಹೆಸರು, ಊರುಗಳನ್ನು ಫೋಟೊ ಕಡತದ ಒಳಗೇ ಬರೆಯಿರಿ. ಡಿಜಿಕ್ಯಾಮ್‌ನಂಥ ಮುಕ್ತ ತಂತ್ರಾಂಶದಲ್ಲಿ ಇದು ಸಾಧ್ಯ, ಅದಕ್ಕೆ ಕೀಲಿ ಸಂಖ್ಯೆಯೂ ಇಲ್ಲ, ಆಕ್ಟಿವೇಷನ್ನೂ ಇಲ್ಲ. ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ. ಮುಖ್ಯವಾದ ಹತ್ತಿಪ್ಪತ್ತು ಫೋಟೊಗಳನ್ನು ಪ್ರಿಂಟ್ ಹಾಕಿಸಿ, ಹಿಂದೆ ಪೆನ್ಸಿಲ್‌ನಲ್ಲಿ ಹೆಸರು ಬರೆದಿಡಿ. ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರವೇ ಅವರ ಪಕ್ಕ ಕೂತು ಶುರುಮಾಡಿ.