ಮಸ್ಟಾಂಗ್ ಸಂರಕ್ಷಣೆ

ಅಮೆರಿಕದ ಪಶ್ಚಿಮ ರಾಜ್ಯಗಳ ಸರ್ಕಾರಿ ಹುಲ್ಲುಗಾವಲುಗಳಲ್ಲಿ ಸ್ವಚ್ಛಂದವಾಗಿ ಬದುಕುವ ಕುದುರೆಗಳಿಗೆ ಮಸ್ಟಾಂಗ್ ಎಂದು ಹೆಸರು. 1950ರಲ್ಲಿ ನೆವಾಡದ ವೆಲ್ಮಾ ಜಾನ್‌ಸ್ಟನ್ ಕೆಲಸಕ್ಕೆ ಹೋಗುವಾಗ ಮುಂದಿದ್ದ ಲಾರಿಯಿಂದ ರಕ್ತ ತೊಟ್ಟಿಕ್ಕುತ್ತಿತ್ತು. ಹಿಂಬಾಲಿಸಿ ನೋಡಿದರೆ ಒಳಗೆ ಕಸಾಯಿಖಾನೆಗೆ ಹೊರಟ ಗಾಯಾಳು ಕುದುರೆಗಳು. ಇದರ ವಿರುದ್ಧ ಆಕೆ ಹೂಡಿದ ಹೋರಾಟಕ್ಕೆ ಶಾಲಾಮಕ್ಕಳು ರಾಶಿ ರಾಶಿ ಪತ್ರ ಬರೆದು ದನಿಗೂಡಿಸಿದರು. ವಿಮಾನ, ಮೋಟಾರು ವಾಹನಗಳಿಂದ ಅಟ್ಟಿ ಹಿಡಿಯುವುದನ್ನು 1959ರ ಕಾಯಿದೆ ನಿಷೇಧಿಸಿತು. 1971ರ ಕಾಯಿದೆ ಕುದುರೆಗಳ ಜೊತೆಗೆ ಕಾಡುಕತ್ತೆಗಳಿಗೂ ರಕ್ಷಣೆ ಕೊಟ್ಟಿತು. ಆದರೆ 1976ರ ತಿದ್ದುಪಡಿ ಕುದುರೆ ಹಿಡಿಯಲು ಹೆಲಿಕಾಪ್ಟರ್ ಬಳಕೆಯನ್ನು ಮರಳಿ ತಂದಿತು. ಹೀಗೆ ಹಿಡಿಯಲು ಕಾರಣವೂ ಇದೆ: ಹಿಂಡು ಬೆಳೆದಂತೆ ಒಣನೆಲದಲ್ಲಿ ಹುಲ್ಲು, ನೀರು ಸಾಲದಾಗುವುದು ನಿಜ. ಆದರೆ ಅದೇ ನೆಲದಲ್ಲಿ ಪಶುಪಾಲಕರ ದನಗಳೂ ಮೇಯುತ್ತವೆಂಬುದನ್ನು ಮರೆಯಲಾಗದು. ಹಿಡಿದ ಸಾವಿರಾರು ಕುದುರೆಗಳು ದತ್ತು ಹೋಗದೆ ಸರ್ಕಾರಿ ದೊಡ್ಡಿಗಳಲ್ಲೇ ಉಳಿದಿವೆ. ಹೆಣ್ಣುಕುದುರೆಗೆ ದೂರದಿಂದಲೇ ಡಾರ್ಟ್ ಹಾರಿಸಿ ಪಿಝಡ್‌ಪಿ ಗರ್ಭನಿರೋಧಕ ಲಸಿಕೆ ಕೊಡುವುದು ಹೀಗೆ ಹಿಡಿದು ಕೂಡಿಹಾಕುವುದಕ್ಕಿಂತ ಕರುಣೆಯ ದಾರಿ.