ದಸರೆಯ ಅಹವಾಲು, ಸರ್ಕಾರದ ಉತ್ತರ

ನಮ್ಮ ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಸೇರುವ ನಾಲ್ಕಾರು ಮಂದಿಯಲ್ಲಿ ಊರಿನ ಮಾತು ಬಂದರೆ ಊರಿನ ಎಂ.ಎಲ್.ಎ.ಯ ಮಾತೂ ಬಂದೇ ಬರುತ್ತದೆ. ರಸ್ತೆಗೆ ಡಾಂಬರು ಹಾಕಿಸಿದ, ಶಾಲೆಗೆ ಕೊಠಡಿ ಕೊಡಿಸಿದ, ಮದುವೆಗೆ ಬಂದು ಊಟ ಮಾಡದೆ ಹೋದ, ಹೀಗೆ. ಮೊನ್ನೆ ಇಂಥದೇ ಹರಟೆ ನಡೆದಿದ್ದಾಗ ಹೊಸದಾಗಿ ಸದಸ್ಯರಾಗಿರುವ ತರುಣ ಮಿತ್ರರೊಬ್ಬರು, "ಶಾಸಕ ಎಂದರೆ ಶಾಸನ ಮಾಡುವವನು. ಚರಂಡಿ, ಬಾವಿ, ಬೀದಿ ದೀಪ ನೋಡಿಕೊಳ್ಳಲು ಪಂಚಾಯಿತಿ ಇದೆ. ನೀವೆಲ್ಲ ಸೇರಿ ಅವನನ್ನು ಮೇಸ್ತ್ರಿ ಮಾಡಿಬಿಟ್ಟಿದ್ದೀರಿ" ಎಂದು ಆಕ್ಷೇಪಿಸಿದರು. ಪುಸ್ತಕದ ಪ್ರಕಾರ ಅವರ ಮಾತು ಸರಿ. ಆಗ ನಾವು ಸುಮ್ಮನಿದ್ದೆವು. ಆದರೆ ಮನೆಗೆ ಬಂದು ಯೋಚಿಸಿದಾಗ, ಚರಿತ್ರೆಯ ಪ್ರಕಾರ ಅದು ಅಷ್ಟು ಸರಿಯಲ್ಲವೆಂದು ತೋರಿತು. ಕನ್ನಡನಾಡಿನ ಒಂದು ದೊಡ್ಡ ಭಾಗದಲ್ಲಿ ಪ್ರಜಾಪ್ರತಿನಿಧಿ ಎಂಬಾತ ಹುಟ್ಟಿದ್ದೇ ಬಾವಿ, ಕೆರೆ, ರಸ್ತೆಗಳ ಅಹವಾಲು ಹೊತ್ತುಕೊಂಡು. ಶಾಸನ ಮಾಡುವ ಕೆಲಸ ಅವನ ಹೆಗಲಿಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ.

1881ರ ಮಾರ್ಚಿಯಲ್ಲಿ ಬ್ರಿಟಿಷರು ಐವತ್ತು ವರ್ಷಗಳ ತಮ್ಮ ಆಡಳಿತವನ್ನು ಮುಗಿಸಿ ಮೈಸೂರು ಸಂಸ್ಥಾನವನ್ನು ಚಾಮರಾಜೇಂದ್ರ ಒಡೆಯರಿಗೆ ಹಿಂದಿರುಗಿಸಿದರು. ದಿವಾನರಾದವರು ಸಿ. ರಂಗಾಚಾರ್ಲು. ಆಗಿನ ಸ್ಥಿತಿಯನ್ನು ನೆನೆಯಬೇಕು. 1876ರಿಂದ 78ರವರೆಗಿನ ಭೀಕರ ಕ್ಷಾಮದಲ್ಲಿ ಲಕ್ಷಗಟ್ಟಲೆ ಜನ ಸತ್ತಿದ್ದರು, ಊರಿಗೆ ಊರೇ ಹಾಳು ಬಿದ್ದಿದ್ದವು, ಬೊಕ್ಕಸ ಬರಿದಾಗಿತ್ತು. ಅಂಥ ಕಾಲದಲ್ಲಿ ರಂಗಾಚಾರ್ಲು ಅವರು ಆಗಸ್ಟ್ 25ರಂದು ಒಂದು ಆಜ್ಞೆ ಹೊರಡಿಸಿದರು. ಪ್ರತಿ ತಾಲ್ಲೂಕಿನಿಂದ ತಿಳಿವಳಿಕೆಯುಳ್ಳ, ಜನರಲ್ಲಿ ಮಾತು ನಡೆಯುವ ಒಬ್ಬಿಬ್ಬರು ಬೇಸಾಯಗಾರರನ್ನೂ, ಪ್ರತಿ ಜಿಲ್ಲೆಯಿಂದ ಮೂರು ನಾಲ್ಕು ಮಂದಿ ವರ್ತಕರನ್ನೂ ಆರಿಸಿ ಕಳಿಸಬೇಕು; ದಸರೆ ಮುಗಿದ ಕೂಡಲೇ ಮೈಸೂರಿನಲ್ಲಿ ಅವರ ಸಭೆ; ಕಳೆದ ವರ್ಷ ಸರ್ಕಾರ ಏನು ಮಾಡಿತು, ಬರುವ ವರ್ಷ ಏನು ಮಾಡಲಿದೆ ಎಂಬುದನ್ನು ಅಲ್ಲಿ ಅವರಿಗೆ ತಿಳಿಸಲಾಗುವುದು. ಇದು ಆಜ್ಞೆಯ ಸಾರ. ದಸರೆಯ ಸಮಯವನ್ನೇ ಗೊತ್ತುಮಾಡಿದ್ದರಲ್ಲಿ ದಿವಾನರ ಜಾಣತನವಿದೆ. ಬರಿಯ ಸಭೆಯೆಂದರೆ ಯಾರು ಹೊರಡುತ್ತಾರೆ? ಜಂಬೂ ಸವಾರಿ ನೋಡುವ ಆಸೆಯಾದರೂ ಎಳೆದು ತರಲಿ ಎಂಬ ಲೆಕ್ಕ.

ಅದೇ ಅಕ್ಟೋಬರ್ 7ರಂದು 144 ಮಂದಿ ಸೇರಿದರು. ಬೆಂಗಳೂರು–ಮೈಸೂರು ರೈಲು ಪೂರ್ತಿಯಾಗಿ ಓಡತೊಡಗಿದ್ದು 1882ರಲ್ಲಿ. ಆದ್ದರಿಂದ ಮೊದಲ ಸಭೆಗೆ ದೂರದ ತಾಲ್ಲೂಕುಗಳವರು ಬಹುಮಟ್ಟಿಗೆ ಎತ್ತಿನ ಗಾಡಿಯಲ್ಲಿ, ಬುತ್ತಿ ಕಟ್ಟಿಕೊಂಡೇ ಬಂದಿರಬೇಕು. ನಾವು ವಿಜ್ಞಾನ ಓದಿದವರಾದ್ದರಿಂದ ಲೆಕ್ಕದ ಚಪಲ ಬಿಟ್ಟಿಲ್ಲ. ಆ ವರ್ಷದ ಜನಗಣತಿಯಂತೆ ಸಂಸ್ಥಾನದ ಜನಸಂಖ್ಯೆ ಸುಮಾರು 42 ಲಕ್ಷ. ಎಂದರೆ ಪ್ರತಿನಿಧಿಯೊಬ್ಬನಿಗೆ 29 ಸಾವಿರ ಜನ. 2011ರ ಜನಗಣತಿಯಂತೆ ಕರ್ನಾಟಕದ ಜನ 6 ಕೋಟಿ 11 ಲಕ್ಷ, ವಿಧಾನಸಭೆಗೆ ಚುನಾಯಿತರಾಗುವವರು 224. ಶಾಸಕನೊಬ್ಬನಿಗೆ 2 ಲಕ್ಷ 70 ಸಾವಿರಕ್ಕೂ ಹೆಚ್ಚು ಜನರಾದರು. ಊರಿನ ಎಂ.ಎಲ್.ಎ. ನಮ್ಮ ಹೆಸರು ಮರೆತನೆಂದು ಕೊರಗುವ ಮಿತ್ರರು ಈ ಭಾಗಾಕಾರವನ್ನು ಒಮ್ಮೆ ಮಾಡಿ ನೋಡಬಹುದು.

ಆಜ್ಞೆಯನ್ನು ಗಮನಿಸಿದರೆ ಒಂದು ಸ್ವಾರಸ್ಯವಿದೆ. ದಿವಾನರ ಉದ್ದೇಶ ಸರ್ಕಾರ ಹೇಳುವುದು, ಪ್ರಜೆಗಳು ಕೇಳುವುದು. ಸರ್ಕಾರದ ಕ್ರಮಗಳ ವಿಷಯದಲ್ಲಿ ಜನರಿಗೆ ತಪ್ಪು ಕಲ್ಪನೆ ಇರಬಾರದು, ಸರ್ಕಾರದ ಹಿತವೂ ಪ್ರಜೆಗಳ ಹಿತವೂ ಒಂದೇ ಎಂದು ಅವರಿಗೆ ಮನವರಿಕೆಯಾಗಬೇಕು, ಅಷ್ಟೆ. ಬಂದವರಿಗೆ ಓಟು ಹಾಕುವ ಅಧಿಕಾರವಿರಲಿಲ್ಲ, ಠರಾವು ಮಾಡುವ ಅಧಿಕಾರವೂ ಇರಲಿಲ್ಲ. ಆದರೆ ತಾಲ್ಲೂಕಿನಿಂದ ಗಾಡಿ ಹೂಡಿಕೊಂಡು ಬಂದ ರೈತ ಬರಿಗೈಲಿ ಬರುತ್ತಾನೆಯೇ? ಒಡೆದ ಕೆರೆ ಏರಿ, ಸೋರುವ ತೂಬು, ಮಳೆಗಾಲದಲ್ಲಿ ಮುಳುಗುವ ರಸ್ತೆ, ಕಾಡಿನಲ್ಲಿ ದನ ಮೇಯಿಸುವ ತಕರಾರು, ಕಂದಾಯದ ಭಾರ, ಎಲ್ಲವೂ ಅವನ ಜೊತೆ ಬಂದವು. ಕೇಳಿಸಿಕೊಳ್ಳಲು ಕರೆಸಿದವರು ಹೇಳಲು ಶುರುಮಾಡಿದರು. ಸಭೆಯ ಚರಿತ್ರೆಯಲ್ಲಿ ನಮಗೆ ಅತ್ಯಂತ ಹಿಡಿಸಿದ ಸಂಗತಿ ಇದು. ಯಾವ ನಿಯಮವೂ ಕೊಡದಿದ್ದ ಹಕ್ಕನ್ನು ಈ ಜನ ವಾಡಿಕೆಯಿಂದಲೇ ಸಂಪಾದಿಸಿಕೊಂಡರು.

ರಂಗಾಚಾರ್ಲು ಅವರು 1883ರ ಜನವರಿಯಲ್ಲಿ ತೀರಿಕೊಂಡರು. ಮುಂದೆ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಕೈ ಬಿಗಿಯಾಗಿದ್ದ ಆಡಳಿತಗಾರರು. ಸಭೆಯ ಗಲಾಟೆ ಅವರಿಗೆ ಬಹಳ ಪ್ರಿಯವಾಗಿತ್ತೆಂದು ಹೇಳಲಾಗದು. ಆದರೂ ಸಭೆ ನಿಲ್ಲಲಿಲ್ಲ. ವರ್ಷ ವರ್ಷವೂ ದಿವಾನರು ಭಾಷಣ ಓದಬೇಕು, ಅದು ಅಚ್ಚಾಗಬೇಕು. ಅವರ ಕಾಲದಲ್ಲೇ, 1891ರಿಂದ, ಸದಸ್ಯರನ್ನು ಚುನಾವಣೆಯಿಂದ ಆರಿಸುವ ಪದ್ಧತಿ ಬಂತು. ಆದರೆ ಆಸ್ತಿ, ಕಂದಾಯ, ವಿದ್ಯೆಗಳ ಅಳತೆಗೆ ಸಿಕ್ಕುವವರಿಗೆ ಮಾತ್ರ ಓಟು. ತೂಬು ಸೋರಿದರೆ ಮೊದಲು ಒಣಗುವುದು ಯಾರ ಗದ್ದೆಯೋ ಅಂಥ ಸಣ್ಣ ರೈತನಿಗೂ, ಜೀತದಾಳಿಗೂ, ಹೆಂಗಸಿಗೂ ಆ ಲೆಕ್ಕದಲ್ಲಿ ಜಾಗವಿರಲಿಲ್ಲ.

ಶಾಸನ ಮಾಡುವ ಪರಿಷತ್ತು ಹುಟ್ಟಿದ್ದು 1907ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ. ನಮ್ಮ ತರುಣ ಮಿತ್ರರು ಇದನ್ನು ಗುರುತು ಹಾಕಿಕೊಳ್ಳಲಿ: ಮೈಸೂರಿನಲ್ಲಿ ಅಹವಾಲು ಶಾಸನಕ್ಕಿಂತ 26 ವರ್ಷ ಹಿರಿಯದು. 1923ರ ಸುಧಾರಣೆಯಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾಯಿದೆಯ ಬಲ ಬಂತು. ಸದಸ್ಯರ ಸಂಖ್ಯೆ 250 ಆಯಿತು, ಪ್ರಶ್ನೆ ಕೇಳುವ ಮತ್ತು ಠರಾವು ಮಂಡಿಸುವ ಹಕ್ಕು ದೊರೆಯಿತು, ಹೆಂಗಸರಿಗೆ ಓಟಿಗಿದ್ದ ಅಡ್ಡಿ ತೆಗೆಯಲ್ಪಟ್ಟಿತು.

ನಮ್ಮ ಅಜ್ಜ ತುಮಕೂರು ಜಿಲ್ಲೆಯ ಒಂದು ಹಳ್ಳಿಯವರು. 1930ರ ಸುಮಾರಿನಲ್ಲಿ ಅವರಿನ್ನೂ ಹುಡುಗರು. ದಸರಾ ಅಧಿವೇಶನ ಮುಗಿಸಿ ತಾಲ್ಲೂಕಿನ ಮೆಂಬರು ಊರಿಗೆ ಬಂದ ದಿನ ಪಟೇಲರ ಮನೆಯ ಜಗಲಿಯ ಮುಂದೆ ಜನ ಸೇರುತ್ತಿದ್ದರಂತೆ. "ಅವರು ಮೈಸೂರಿಂದ ಎರಡು ತರೋರು ಕಣೋ. ಹುಡುಗರಿಗೆ ಬೆಂಡು ಬತ್ತಾಸು, ದೊಡ್ಡೋರಿಗೆ ಸರ್ಕಾರದ ಉತ್ತರ" ಎಂದು ಅಜ್ಜ ನಗುತ್ತ ಹೇಳುತ್ತಿದ್ದರು. ಊರ ಕೆರೆಯ ತೂಬಿನ ಅಹವಾಲು ಮೂರು ದಸರೆ ಮೈಸೂರಿಗೆ ಹೋಗಿ ಬಂತಂತೆ. ಮೊದಲ ವರ್ಷ, ಎಂಜಿನಿಯರ್ ನೋಡುತ್ತಾರೆ. ಎರಡನೆಯ ವರ್ಷ, ನೋಡಿದ್ದಾರೆ. ಮೂರನೆಯ ವರ್ಷ, ಅಷ್ಟು ಚಿಕ್ಕ ಕೆರೆಗೆ ಸರ್ಕಾರದ ಹಣ ಸಾಧ್ಯವಿಲ್ಲ, ಊರವರೇ ಮಾಡಿಕೊಳ್ಳತಕ್ಕದ್ದು. ಆ ಬೇಸಿಗೆಯಲ್ಲಿ ಊರವರು ಮನೆಗೊಂದಾಳಿನಂತೆ ನಿಂತು ತೂಬು ಕಟ್ಟಿದರು.

ಇದು ಹಳೆಯ ಮೈಸೂರಿನ ಕಥೆಯಾಯಿತು. ನಮ್ಮ ಸಂಘದಲ್ಲಿ ಧಾರವಾಡ, ಬಿಜಾಪುರ, ಕಾರವಾರದ ಕಡೆಯವರೇ ಹೆಚ್ಚು. ನಿಮ್ಮ ಅಜ್ಜಂದಿರ ಅಹವಾಲು ಎಲ್ಲಿಗೆ ಹೋಗುತ್ತಿತ್ತು? ನಾವೀಗ ಲೋಕಲ್ ಗಾಡಿಯಲ್ಲಿ ಜೋತುಬಿದ್ದು ಕೆಲಸಕ್ಕೆ ಹೋಗುವ ಇದೇ ಮುಂಬಯಿಗೆ! ಕೊಲಾಬಾ ಕಡೆ ಹೋದಾಗ ರೀಗಲ್ ಟಾಕೀಸಿನ ಎದುರಿಗೆ ಪೊಲೀಸರ ಮುಖ್ಯ ಕಚೇರಿಯಾಗಿರುವ ಹಳೆಯ ಕಲ್ಲಿನ ಕಟ್ಟಡವನ್ನು ನೋಡಿ. ಮೊದಲು ಅದು ನಾವಿಕರ ವಸತಿಗೃಹ. 1920ರ ದಶಕದ ಕೊನೆಯಿಂದ ಮುಂಬಯಿ ಪ್ರಾಂತ್ಯದ ಶಾಸನಸಭೆ ಅಲ್ಲಿ ಸೇರುತ್ತಿತ್ತು, ಮಳೆಗಾಲದಲ್ಲಿ ಪುಣೆಯಲ್ಲಿ. ಹುಬ್ಬಳ್ಳಿಯ ಸಿದ್ದಪ್ಪ ಕಂಬಳಿಯವರು ಮುಂಬಯಿ ಸರ್ಕಾರದ ಮಂತ್ರಿಗಳಾಗಿದ್ದವರು. ಧಾರವಾಡದ ಪ್ರತಿನಿಧಿ ಮೀಟರ್ ಗೇಜಿನ ರೈಲಿನಲ್ಲಿ ಮೀರಜಿನ ಮೇಲೆ ಪುಣೆಗೆ ಬಂದು, ಅಲ್ಲಿ ಗಾಡಿ ಬದಲಿಸಿ ಇಲ್ಲಿಗೆ ಮುಟ್ಟಬೇಕಾಗಿತ್ತು. ಮಂಗಳೂರು, ಬಳ್ಳಾರಿಯವರು ಮದರಾಸಿಗೆ. ರಾಯಚೂರು, ಗುಲ್ಬರ್ಗ, ಬೀದರದವರಿಗೆ ನಿಜಾಮರ ಹೈದರಾಬಾದು. ಅಲ್ಲಿ ವಯಸ್ಕರೆಲ್ಲರ ಓಟಿನಿಂದಾದ ವಿಧಾನಸಭೆ ಬಂದದ್ದೇ 1952ರಲ್ಲಿ. ಕೊಡಗಿನವರಿಗೆ ಮಾತ್ರ 1924ರಿಂದ ಮನೆಯ ಬಾಗಿಲಲ್ಲೇ, ಮಡಿಕೇರಿಯಲ್ಲಿ, ಪುಟ್ಟ ಪರಿಷತ್ತಿತ್ತು.

ದೂರವನ್ನು ರೈಲು ಕಡಿಮೆ ಮಾಡೀತು, ಭಾಷೆಯನ್ನು ಮಾಡಲಾರದು. ಮೈಸೂರಿನ ಸಭೆಯಲ್ಲಿ ರೈತ ಸದಸ್ಯ ತನ್ನ ತೂಬನ್ನು ತೂಬೆಂದೇ ಕರೆದು ಕನ್ನಡದಲ್ಲಿ ಮಾತಾಡಬಲ್ಲವನಾಗಿದ್ದ. 1935ರ ಕಾಯಿದೆಯಂತೆ ಪ್ರಾಂತ್ಯಗಳ ಶಾಸನಸಭೆಗಳ ಕಲಾಪ ನಡೆಯಬೇಕಾದದ್ದು ಇಂಗ್ಲಿಷಿನಲ್ಲಿ. ಇಂಗ್ಲಿಷ್ ಬಾರದವರಿಗೆ ಮಾತ್ರ ವಿನಾಯಿತಿ. ಆ ವಿನಾಯಿತಿ ಪಡೆದು ಕನ್ನಡದಲ್ಲಿ ಮಾತಾಡಿದರೂ, ಮರಾಠಿ, ಗುಜರಾತಿ ಸದಸ್ಯರ ನಡುವೆ ಕೇಳಿ ಅರ್ಥಮಾಡಿಕೊಳ್ಳುವವರು ಎಷ್ಟು ಮಂದಿ? ಕರ್ನಾಟಕ ಏಕೀಕರಣವೆಂದರೆ ನಾವು ಸಾಮಾನ್ಯವಾಗಿ ಕವಿಗಳನ್ನೂ ಪಂಡಿತರನ್ನೂ ನೆನೆಯುತ್ತೇವೆ. ಉತ್ತರ ಬಾರದೆ ಉಳಿದ ಅಹವಾಲುಗಳ ಬೇಗೆಯೂ ಅದರ ಹಿಂದೆ ಇತ್ತೆಂದು ನಮ್ಮ ಭಾವನೆ. 1953ರಲ್ಲಿ ಜಕ್ಕಲಿಯಲ್ಲಿ ಉಪವಾಸ ಕುಳಿತ ಅಂದಾನಪ್ಪ ದೊಡ್ಡಮೇಟಿಯವರು ಮುಂಬಯಿ ಶಾಸನಸಭೆಯನ್ನು ಒಳಗಿನಿಂದ ಕಂಡವರೆಂಬುದನ್ನು ಮರೆಯುವಂತಿಲ್ಲ.

ಮೈಸೂರಿನ ಪ್ರಜಾಪ್ರತಿನಿಧಿ ಸಭೆ 1949ರಲ್ಲಿ ಕೊನೆಗೊಂಡಿತು. 1952ರ ಚುನಾವಣೆಯಲ್ಲಿ ಎಲ್ಲ ವಯಸ್ಕರಿಗೂ ಓಟು ಬಂತು. ಅದರಿಂದ ಏನು ಬದಲಾಯಿತೆಂದು ತಿಳಿಯಲು ಒಂದೇ ಹೆಸರು ಸಾಕು, ಶಾಂತವೇರಿ ಗೋಪಾಲಗೌಡರು. ಅದರ ಹಿಂದಿನ ವರ್ಷ, 1951ರ ಏಪ್ರಿಲಿನಲ್ಲಿ, ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಗಿತ್ತು. ಜಗಳದ ಮೂಲ ಒಂದು ಕೊಳಗ. ಗೇಣಿಯ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ನ್ಯಾಯವಾದ ಅಳತೆಗಿಂತ ದೊಡ್ಡದೆಂಬುದು ದೀವರ ಗೇಣಿದಾರರ ದೂರು. ನೂರಾರು ಮಂದಿ ಜೈಲಿಗೆ ಹೋದರು. ಜೂನಿನಲ್ಲಿ ರಾಮಮನೋಹರ ಲೋಹಿಯಾ ಅವರು ಬಂದು ದಸ್ತಗಿರಿಯಾದರು. ಹೋರಾಟದ ಮುಂದಾಳುಗಳಲ್ಲಿ ಒಬ್ಬರಾಗಿದ್ದ ಗೋಪಾಲಗೌಡರು 1952ರಲ್ಲಿ ವಿಧಾನಸಭೆಗೆ ಬಂದಾಗ ಅವರಿಗೆ 29 ವರ್ಷ ಕೂಡ ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು. 1957ರಲ್ಲಿ ಸೋತರು, 1962ರಲ್ಲಿ, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು. ಸದನದಲ್ಲಿ ಕನ್ನಡದ ಪರವಾಗಿ, ಉಳುವವನ ಪರವಾಗಿ ಅವರು ಆಡಿದ ಮಾತುಗಳು ಇಂದಿಗೂ ನೆನಪಿನಲ್ಲಿವೆ. 1972ರ ಜೂನ್ 9ರಂದು, 49ನೆಯ ವಯಸ್ಸಿನಲ್ಲಿ ತೀರಿಕೊಂಡರು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದನ್ನಾಗಲಿ, 1974ರ ಮಾರ್ಚ್ 1ರಿಂದ ದೇವರಾಜ ಅರಸರ ಭೂಸುಧಾರಣೆ ಜಾರಿಯಾಗಿ ಗೇಣಿ ಪದ್ಧತಿಯೇ ಹೋದದ್ದನ್ನಾಗಲಿ ಅವರು ಕಾಣಲಿಲ್ಲ.

ಒಂದು ಹಳ್ಳಿಯ ಕೊಳಗದ ತಕರಾರು ಸ್ಥಳೀಯ ವಿಷಯವೋ, ಶಾಸನದ ವಿಷಯವೋ? ತರುಣ ಮಿತ್ರರಿಗೆ ನಾವು ಕೇಳಬೇಕೆಂದಿರುವ ಪ್ರಶ್ನೆ ಇದು.

ಇನ್ನು ನಮ್ಮ ಕಾಲದ ಮಾತು. 1993ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಸಂಸತ್ಸದಸ್ಯರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯನ್ನು ತಂದಿತು. ಮೊದಲ ವರ್ಷ ತಲಾ 5 ಲಕ್ಷ ರೂಪಾಯಿ, ಮರುವರ್ಷ 1 ಕೋಟಿ, 2011–12ರಿಂದ 5 ಕೋಟಿ. ರಾಜ್ಯಗಳಲ್ಲಿ ಶಾಸಕರಿಗೂ ಇಂಥ ನಿಧಿಗಳು ಬಂದವು. ಇದರಿಂದ ಆಗಿರುವ ಶಾಲಾ ಕೊಠಡಿಗಳನ್ನೂ ಬಸ್ ತಂಗುದಾಣಗಳನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಅಹವಾಲು ಹೊತ್ತು ಹೋಗುತ್ತಿದ್ದವನೇ ಈಗ ದಾನಿಯೂ ಆದ. ಕೇಳುವವನೂ ಕೊಡುವವನೂ ಒಬ್ಬನೇ ಆದಮೇಲೆ, ಕೊಡದೆ ಹೋದರೆ ಕಾರಣ ಕೇಳುವುದು ಯಾರನ್ನು? ತಂಗುದಾಣದ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರಿರುತ್ತದೆ. ಕಟ್ಟದ ತಂಗುದಾಣದ ಮೇಲೆ ಯಾರ ಹೆಸರೂ ಇರುವುದಿಲ್ಲ.

ಉತ್ತರ ಬರೆಯುವವರ ಕಷ್ಟವೂ ನಮಗೆ ಗೊತ್ತು. ಕಚೇರಿಯಲ್ಲಿ ನಮ್ಮ ಮೇಜಿನ ಮೇಲೂ ಸಂಸತ್ತಿನ ಪ್ರಶ್ನೆಗಳು ಬರುತ್ತವೆ. ಚುಕ್ಕೆ ಗುರುತಿನದಾದರೆ ಊಟಕ್ಕೂ ಏಳುವಂತಿಲ್ಲ. "ವಿಷಯವು ಪರಿಶೀಲನೆಯಲ್ಲಿದೆ" ಎಂಬ ವಾಕ್ಯವನ್ನು ನಾವು ಎಷ್ಟು ಸಲ ಟೈಪು ಮಾಡಿದ್ದೇವೆಯೋ ಲೆಕ್ಕವಿಲ್ಲ. ಆದರೆ ಮಂತ್ರಿಗಳು ಸದನದಲ್ಲಿ ಭರವಸೆ ಕೊಟ್ಟರೆ ಅದನ್ನು ಬೆನ್ನುಹತ್ತಲು ಲೋಕಸಭೆಯಲ್ಲಿ 1953ರಿಂದ ಒಂದು ಸಮಿತಿಯಿದೆ, ಮೂರು ತಿಂಗಳ ಗಡುವಿದೆ. ಗಡುವು ಮೀರಿದರೆ ಕಾರಣ ಬರೆಯಬೇಕು. ಜಿಲ್ಲೆಯ ಕಚೇರಿಯಲ್ಲಿ ಕೊಟ್ಟ ಅರ್ಜಿಗೆ ಇಂಥ ಬೆನ್ನುಹತ್ತುವವರು ಯಾರೂ ಇಲ್ಲ.

ಹೋದ ವರ್ಷ ಊರಿಗೆ ಹೋದಾಗ, ನಿಂತುಹೋಗಿರುವ ಬೆಳಗಿನ ಬಸ್ಸನ್ನು ಮತ್ತೆ ಬಿಡಿಸಬೇಕೆಂದು ಊರವರು ಬರೆದ ಅರ್ಜಿಗೆ ನಾವೂ ರುಜು ಹಾಕಿದೆವು. ಹೈಸ್ಕೂಲಿನ ಹುಡುಗಿಯರು ಮೂರು ಮೈಲಿ ನಡೆಯುತ್ತಾರೆ. ನಮ್ಮ ತಾಯಿಯಂಥ ಮುದುಕರು ಆಸ್ಪತ್ರೆಗೆ ಆಟೋ ಹಿಡಿಯಬೇಕು. ಒಂದು ಪ್ರತಿ ಸಂಬಂಧಪಟ್ಟ ಕಚೇರಿಗೆ, ಒಂದು ಪ್ರತಿ ಜನಪ್ರತಿನಿಧಿಗಳಿಗೆ. ಎರಡು ಕಡೆಯೂ ಮರ್ಯಾದೆಯಿಂದ ತೆಗೆದುಕೊಂಡರು, ಸ್ವೀಕರಿಸಿದೆ ಎಂದು ಮುದ್ರೆ ಒತ್ತಿ ತಾರೀಖು ಹಾಕಿದರು. ಹನ್ನೊಂದು ತಿಂಗಳಾಯಿತು. ಬಸ್ಸು ಬರಲಿಲ್ಲ, ಬಸ್ಸು ಬರುವುದಿಲ್ಲವೆಂದು ಯಾರೂ ಹೇಳಲೂ ಇಲ್ಲ. ಮುದ್ರೆ ಬಿದ್ದ ಆ ಪ್ರತಿಯನ್ನು ಅಮ್ಮ ದೇವರ ಗೂಡಿನಲ್ಲಿ ಪಂಚಾಂಗದ ಕೆಳಗೆ ಇಟ್ಟಿದ್ದಾರೆ. ಈ ದಸರೆಗೆ ರಜೆ ಸಿಕ್ಕಿದರೆ ನಾವೇ ಹೋಗಿ ಅದನ್ನು ತೋರಿಸಿ ಕೇಳಬೇಕೆಂದಿದ್ದೇವೆ.