ಕದ್ದು ಕೇಳಿದವರಿಗೆ ಕೇಳುವವರು ಯಾರು?

1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟರು. ದೂರವಾಣಿ ಕದ್ದಾಲಿಕೆಯ ಆರೋಪಕ್ಕೆ ನೈತಿಕ ಹೊಣೆ ಹೊತ್ತರು. ಆಗ ಕದ್ದಾಲಿಕೆಗೆ ಅವಕಾಶ ಕೊಡುತ್ತಿದ್ದುದು ಬ್ರಿಟಿಷರ ಕಾಲದ, 1885ರ ಟೆಲಿಗ್ರಾಫ್ ಕಾಯ್ದೆ. 1996ರಲ್ಲಿ ಸುಪ್ರೀಂ ಕೋರ್ಟ್, ಗೃಹ ಕಾರ್ಯದರ್ಶಿಯ ಆದೇಶ ಬೇಕು, ಅದನ್ನು ಸಮಿತಿಯೊಂದು ಪರಿಶೀಲಿಸಬೇಕು ಎಂದಿತು. ನ್ಯಾಯಾಧೀಶರ ಪೂರ್ವಾನುಮತಿ ಬೇಕೆನ್ನಲಿಲ್ಲ.

2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ, ಖಾಸಗಿತನ ಮೂಲಭೂತ ಹಕ್ಕೆಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಸಾರಿದರು. ಆದರೂ ಆದೇಶ ಕೊಡುವವರೂ ಅಧಿಕಾರಿಗಳೇ, ಪರಿಶೀಲಿಸುವವರೂ ಅಧಿಕಾರಿಗಳೇ.

ಹೆಗಡೆಯವರ ಕಾಲದ ಕದ್ದಾಲಿಕೆ ಬಯಲಿಗೆ ಬಂತು, ಕುರ್ಚಿ ಹೋಯಿತು. ಬಸವಕಲ್ಯಾಣದ ನಾರಾಯಣಪುರದ ರೈತನೊಬ್ಬನ ಮಾತು ಕದ್ದು ಕೇಳಿದರೆ, ಅದನ್ನು ಅವನಿಗೆ ತಿಳಿಸಬೇಕೆಂಬ ನಿಯಮವೇ ಇಲ್ಲ. ಗೊತ್ತೇ ಆಗದ ಅನ್ಯಾಯಕ್ಕೆ ಅವನು ಯಾವ ಕೋರ್ಟಿನ ಬಾಗಿಲು ತಟ್ಟಬೇಕು?